ಕೊನೆಗೆ ಬಂದವರು ಬಾಗಿಲು ಹಾಕಬೇಕು

ಮಾರ್ಚ್ ೪

ಮೊಂಡಿಗೆ,

ಕಾಗದದ ತಲೆಗೆ ಎಲ್ಲಾ ಕ್ಷೇಮ ಅಂತ ಬರೀಬೇಕು ಅಂತ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ನಾನು ಅವರ ಹತ್ತಿರ ಕಲಿತದ್ದು ಎರಡನೇ ಕ್ಲಾಸಿನವರೆಗೆ. ಅದಕ್ಕೇ ಸುಳ್ಳು ಬರೆಯೋದು ಇನ್ನೂ ಸರಿಯಾಗಿ ಬರೋದಿಲ್ಲ. ಮೊಣಕಾಲು ಕ್ಷೇಮವಿಲ್ಲ. ಉಳಿದದ್ದೆಲ್ಲ ಕುಂಟಿಕೊಂಡು ನಡೆದಿದೆ.

ನೀನು ಗುಡ್ಡ ಹತ್ತಿದ ಮೇಲೆ ಈ ಮನೇಲಿ ಜಗಳ ಆಡೋಕೆ ಜನ ಇಲ್ಲ. ನಿನ್ನೆ ನಾನು ಬಚ್ಚಲಿಂದ "ಟವೆಲ್ ಕೊಡೇ" ಅಂತ ಕೂಗಿದರೆ ನಿಮ್ಮಮ್ಮ "ಅಯ್ಯೋ, ಯಾವಾಗ ಬಂದೆ ಮಗಳೇ" ಅಂತ ಓಡಿ ಬಂದಳು. ಬಾಗಿಲಲ್ಲಿ ನನ್ನ ಮುಖ ನೋಡಿ ಅವಳ ಮುಖ ಮುದುಡಿದ ಬಟ್ಟೆ ಹಾಗಾಯಿತು. ನಂದೂ ನಿಂದೂ ಒಂದೇ ಗಂಟಲು. ಫೋನಿನಲ್ಲಿ ತನ್ನನ್ನು ಹೆತ್ತವಳು ಯಾರು, ತನಗೆ ಹುಟ್ಟಿದವಳು ಯಾರು ಅಂತ ನಿಮ್ಮಪ್ಪನಿಗೇ ಇವತ್ತಿಗೂ ತಿಳಿಯೋದಿಲ್ಲ. ಮೂಗು, ಬಣ್ಣ ಎಲ್ಲಾ ಬಿಟ್ಟು ಗಂಟಲೊಂದನ್ನೇ ನನ್ನಿಂದ ತೆಗೆದುಕೊಂಡೆಯಲ್ಲ. ಬೈಯೋಕೆ ಬರುತ್ತೆ ಅಂತಲೇ ಇರಬೇಕು.

ಗುಡ್ಡದ ಮೇಲಿನ ನಮ್ಮ ಹಳೇ ಮನೆಯನ್ನು ನಡಿಗೆಯವರಿಗೆ ತಂಗುಮನೆ ಮಾಡ್ತೀನಿ ಅಂದಾಗ ನಾನು ಬೇಡ ಅನ್ನಲಿಲ್ಲ. ಬಸ್ಸಿಗೆ ದುಡ್ಡಿದ್ದೂ ಬೆನ್ನಿಗೆ ಮೂಟೆ ಕಟ್ಟಿಕೊಂಡು ನಡೆಯೋ ಜನ ಇದ್ದಾರೆ ಅಂದರೆ ಅವರಿಗೊಂದು ಸೂರು ಬೇಕೇ ಬೇಕು, ಬುದ್ಧಿ ಬೇರೆ ವಿಷಯ. ಅವರ ಸಂಘದವರು ರಿಪೇರಿ ಮಾಡಿಸ್ತಾರೆ, ಬಡಗಿ ಕೆಲಸ ನೀನೇ ಮಾಡ್ತೀಯ, ಆಮೇಲೆ ಮನೆ ನೋಡಿಕೊಂಡು ಅಲ್ಲೇ ಇರ್ತೀಯ. ಆಗಲಿ. ಚಾವಣಿ ಕಿತ್ತು ಹಾಕು. ಒಲೆ ಹೊಸದು ಕಟ್ಟಿಸು. ಕುರಿದೊಡ್ಡಿ ಬೇಕಾದರೆ ಬಚ್ಚಲು ಮಾಡು.

ಮುಂಬಾಗಿಲ ತಂಟೆಗೆ ಮಾತ್ರ ಹೋಗಬೇಡ. ಅದಕ್ಕೊಂದು ಕಲ್ಲು ಒತ್ತಿಟ್ಟು ತೆರೆದು ಬಂದಿದ್ದೀನಿ. ಮುಚ್ಚದ ಬಾಗಿಲು ಕಂಡರೆ ನಿನ್ನ ಕೈ ತುರಿಸುತ್ತೆ ಅಂತ ಗೊತ್ತು. ಕೆರೆದುಕೋ.

ನಿನ್ನ ಅಜ್ಜಿ


ಮಾರ್ಚ್ ೨೯

ಅಜ್ಜಿ,

ನಿನ್ನ ಕಾಗದವನ್ನು ಹೇಸರಗತ್ತೆಯವನು ಆಲೂಗಡ್ಡೆ ಮೂಟೆಯೊಳಗೆ ಇಟ್ಟು ತಂದ. ಇಲ್ಲಿ ಫೋನು ಹಿಡಿಯೋದಿಲ್ಲ. ಕೆಳಗಿನ ಅಂಗಡಿವರೆಗೆ ಬಂದ ಕಾಗದ ಅವನು ಯಾವಾಗ ಹತ್ತುತ್ತಾನೋ ಆಗ ಮೇಲೆ ಬರುತ್ತೆ. ಕಾಗದಕ್ಕೆ ಮಣ್ಣಿನ ವಾಸನೆ ಹಿಡಿದಿತ್ತು, ಬೈಗುಳ ಮಾತ್ರ ತಾಜಾ ಇತ್ತು.

ಮನೆ ನೀನು ಹೇಳಿದ್ದಕ್ಕಿಂತ ಚಿಕ್ಕದು, ಗೋಡೆ ನೀನು ಹೇಳಿದ್ದಕ್ಕಿಂತ ದಪ್ಪ. ಕಿಟಕಿಯಲ್ಲಿ ನಾನು ಕಾಲು ಮಡಚಿ ಕೂರಬಹುದು. ಚಾವಣಿಯ ಒಂದು ಮಗ್ಗುಲು ಕುಸಿದಿತ್ತು, ತೊಲೆಗಳು ಮಾತ್ರ ಗಟ್ಟಿಯಾಗಿವೆ. ಉಳಿ ಇಟ್ಟರೆ ಗಂಟೆ ಹಾಗೆ ಸದ್ದು ಬರುತ್ತೆ. ಗಾರೆಯವನು ಕಲ್ಲುಗೋಡೆಗೆ ಕೈ ಇಟ್ಟು, "ಇದನ್ನ ಕಟ್ಟಿದವನು ಹೆಂಡತಿ ಮೇಲಿನ ಸಿಟ್ಟಿಗೆ ಕಟ್ಟಿರಬೇಕು, ಒಂದು ಸಂದೂ ಬಿಟ್ಟಿಲ್ಲ" ಅಂದ. ಕಟ್ಟಿದ್ದು ನನ್ನ ಮುತ್ತಜ್ಜ ಅಂತ ಹೇಳಿದ ಮೇಲೆ, "ಹಾಗಾದರೆ ಪ್ರೀತಿಗೆ" ಅಂತ ಮಾತು ತಿರುಗಿಸಿದ.

ನಿನ್ನ ಕಲ್ಲು ಇಟ್ಟಲ್ಲೇ ಇದೆ ಅಜ್ಜಿ. ಅರ್ಧ ನೆಲಕ್ಕೆ ಇಳಿದಿದೆ. ಬಾಗಿಲು ಅಷ್ಟು ವರ್ಷ ತೆರೆದೇ ನಿಂತು ನಿಂತು, ಅದರ ಹಿಂದಿನ ಗೋಡೆಯ ಮೇಲೆ ಬಾಗಿಲಿನ ಆಕಾರದ ಒಣ ಜಾಗ ಇದೆ. ಸುತ್ತ ಪಾಚಿ, ನಡುವೆ ಬಿಳಿ. ಅದನ್ನು ನೋಡಿದರೆ ಗೋಡೆಯೊಳಗೆ ಇನ್ನೊಂದು ಬಾಗಿಲು ಇದೆ ಅನ್ನಿಸುತ್ತೆ.

ತುರಚಿ ಪೊದೆಯಲ್ಲಿ ಸರಪಳಿ ಸಮೇತ ನೇಗಿಲಿನ ಒಂದು ಕಬ್ಬಿಣದ ಗುಳ ಸಿಕ್ಕಿತು. ಉಳುವ ನೆಲವೇ ಇಲ್ಲದ ಕಡೆ ಇದೇನು ಕೆಲಸ? ಬಾಗಿಲ ಪಕ್ಕದ ಸೂರಿನಲ್ಲಿ ಒಂದು ಕೊಕ್ಕೆ ಇದೆ. ಸರಪಳಿ ಅದಕ್ಕೆ ಸರಿಯಾಗಿ ಕೂತಿತು. ಗಾರೆಯವನು ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟ. ಆ ಸದ್ದು ಕಣಿವೆ ಸುತ್ತಿ ವಾಪಸ್ಸು ಬಂತು.

ಬಾಗಿಲು ಯಾಕೆ ಹಾಕಬಾರದು ಅಂತ ಹೇಳು. ಹೇಳದಿದ್ದರೆ ನಾಳೆಯೇ ಕಲ್ಲು ತೆಗೀತೀನಿ.

ನಿನ್ನ ಮೊಂಡಿ


ಏಪ್ರಿಲ್ ೧೬

ಮೊಂಡಿಗೆ,

ಹೆದರಿಸೋದು ನನಗೇ. ಅದೂ ನನ್ನ ಗಂಟಲಲ್ಲೇ. ಸರಿ, ಕೇಳು.

ಆ ದಿಬ್ಬಕ್ಕೆ ಮಂಜು ಇಳಿಯೋದನ್ನು ನೀನಿನ್ನೂ ನೋಡಿಲ್ಲ. ಬರೋದು ಕಾಣೋದಿಲ್ಲ. ಕೈಯಲ್ಲಿ ಬಕೆಟ್ ಹಿಡಿದು ದೊಡ್ಡಿಗೆ ಹೊರಟಿರ್ತೀಯ, ದೊಡ್ಡಿ ಇರೋದಿಲ್ಲ. ಆಮೇಲೆ ಬಕೆಟ್ಟೂ ಇರೋದಿಲ್ಲ. ಅಂಥ ಹೊತ್ತಲ್ಲಿ ಕುರಿ ಹಿಂದೆ ಹೋದವರಿಗೆ ಮನೆ ಯಾವ ಕಡೆ ಅಂತ ತಿಳಿಯೋಕೆ ಗುಳ ಹೊಡೀತಿದ್ದೆವು. ಎರಡು ಪೆಟ್ಟು, ಒಂದು ಉಸಿರು, ಒಂದು ಪೆಟ್ಟು. ಮನೇಲಿದ್ದವರಲ್ಲಿ ಯಾರ ಕೈ ಖಾಲಿ ಇದೆಯೋ ಅವರು ಹೊಡೀಬೇಕು. ಹೊರಗಿದ್ದವರು ಸದ್ದು ಹಿಡಿದು ಒಬ್ಬೊಬ್ಬರೇ ಬರ್ತಾರೆ.

ಎಲ್ಲಿವರೆಗೆ ಹೊಡೀಬೇಕು? ಎಲ್ಲರೂ ಬರೋವರೆಗೆ. ಎಲ್ಲರೂ ಬಂದರು ಅಂತ ತಿಳಿಯೋದು ಹೇಗೆ? ಒಳಗಿದ್ದವರು ಬಾಗಿಲು ಮುಟ್ಟೋ ಹಾಗಿಲ್ಲ. ಎಷ್ಟೇ ಚಳಿ ಇರಲಿ. ಬಂದವನು ತನ್ನ ಹಿಂದೆ ಇನ್ನೊಬ್ಬ ಇದ್ದಾನೆ ಅಂದರೆ ಬಾಗಿಲು ಹಾಗೇ ಬಿಟ್ಟು ಬಂದು ಒಳಗಿನ ಕಲ್ಲುಕಟ್ಟೆ ಮೇಲೆ ಕೂರ್ತಾನೆ. ಕೊನೆಗೆ ಬಂದವನು "ನಾನೇ ಕೊನೆ" ಅಂತ ಹೇಳಿ, ತಾನೇ ಬಾಗಿಲು ಹಾಕಿ, ಅಗುಳಿ ಇಳಿಸ್ತಾನೆ. ಅಗುಳಿ ಬಿದ್ದ ಸದ್ದು ಕೇಳಿದರೆ ಗುಳ ನಿಲ್ಲುತ್ತೆ, ಹೊಡೀತಿದ್ದವರು ಹಿಂಬಾಗಿಲಿಂದ ಒಳಗೆ ಬರ್ತಾರೆ. ಆ ಮನೆಯ ಕಾನೂನೆಲ್ಲ ಇಷ್ಟೇ. ಪುಸ್ತಕದಲ್ಲಿ ಬರೆದಿರಲಿಲ್ಲ, ಆದರೂ ನನ್ನ ಅತ್ತೆ, ನಾಯಿ, ನೆಗಡಿ ಹಿಡಿದ ಮಕ್ಕಳು ಎಲ್ಲರೂ ಪಾಲಿಸ್ತಿದ್ದರು.

ನಿಮ್ಮಪ್ಪ ತೊಟ್ಟಿಲಲ್ಲಿದ್ದ, ಜ್ವರ. ಸಂಜೆ ಮಂಜು ಇಳಿಯಿತು. ಅತ್ತೆ ಗುಳ ಹೊಡೀತಿದ್ದರು. ನಿಮ್ಮಜ್ಜ ಕುರಿಯನ್ನೆಲ್ಲ ದೊಡ್ಡಿಗೆ ತುಂಬಿ, ಒಂದು ಎಳೇ ಮರಿಯನ್ನು ನನ್ನ ಮಡಿಲಿಗೆ ಹಾಕಿ, ಬಾಗಿಲಿಗೆ ಕೈ ಇಟ್ಟರು. ಅಷ್ಟರಲ್ಲಿ ದಿಬ್ಬದ ಕಡೆಯಿಂದ ಯಾರೋ ಕೂಗಿದರು. ಕೈ ತೆಗೆದರು. ಹೋದರು.

ನಾನು ಗುಳ ಹೊಡೆದೆ. ಅತ್ತೆ ಹೊಡೆದರು, ನಾನು ಹೊಡೆದೆ. ಕೈ ಊದಿ ಸುತ್ತಿಗೆ ಹಿಡಿಯೋಕಾಗದಿದ್ದಾಗ ಬಟ್ಟೆಯಲ್ಲಿ ಕಟ್ಟಿಕೊಂಡು ಹೊಡೆದೆ. ಕೆಳಗಿನಿಂದ ಜನ ಬಂದು ಹುಡುಕಿದರು. ಒಂದು ಕೋಲೂ ಸಿಗಲಿಲ್ಲ, ಕಂಬಳಿಯೂ ಸಿಗಲಿಲ್ಲ. ಆ ಚಳಿಗಾಲ ಪೂರ್ತಿ ಬಾಗಿಲು ತೆರೆದಿಟ್ಟುಕೊಂಡೇ ಇದ್ದೆವು. ಅತ್ತೆ ಹೋದ ಮೇಲೆ ನಾನು ನಿಮ್ಮಪ್ಪನನ್ನು ಸೊಂಟಕ್ಕೆ ಹಾಕಿಕೊಂಡು ಇಳಿದೆ. ಹೊರಡುವಾಗ ಬಾಗಿಲು ಹಾಕೋದು ಹೇಗೆ? ಕೊನೆಗೆ ಬರೋವರು ಇನ್ನೂ ಬಂದಿರಲಿಲ್ಲ. ಕಲ್ಲು ಇಟ್ಟೆ.

ಅದಕ್ಕೇ ಮತ್ತೆ ಹತ್ತಲಿಲ್ಲ. ನಾನು ಅಲ್ಲಿದ್ದರೆ ಒಂದಲ್ಲ ಒಂದು ದಿನ, ಚಳಿ ತಡೆಯೋಕಾಗದೆ, ಆ ಬಾಗಿಲು ಹಾಕೋ ಕೈ ನಂದಾಗುತ್ತೆ. ಅದಾಗಬಾರದು.

ನನಗೆ ನಿನ್ನಿಂದ ಬೇಕಾದ್ದು ಒಂದೇ. ಯಾರಾದರೂ ಕೊನೆಗೆ ಬಂದು, ಬಾಗಿಲು ಹಾಕದೆ ಕಟ್ಟೆ ಮೇಲೆ ಕೂತರೆ ನನಗೆ ಬರೆ. ಅವರು ಬಂದರಾ ಇಲ್ಲವಾ ಅಂತ ತಿಳಿದರೆ ಸಾಕು. ಸಾಯೋಕೂ ಒಂದು ನಿರಾಳ ಬೇಕು.

ಅಜ್ಜಿ


ಜೂನ್ ೨೦

ಅಜ್ಜಿ,

ನಿನ್ನ ಕಾಗದ ಓದಿ ಉತ್ತರ ಬರೆಯೋಕೆ ಆಗಲಿಲ್ಲ. ಕೆಲಸ ಮಾಡಿದೆ. ಹನ್ನೆರಡು ಜನಕ್ಕೆ ಮಲಗೋ ಹಲಗೆಮಂಚ ಆಗಿದೆ. ಒಲೆ ಹೊಗೆ ಬಿಡದೆ ಉರಿಯುತ್ತೆ. ಗಾರೆಯವನು ಕೆಲಸ ಮುಗಿಸಿ ಇಳಿದುಹೋದ. ಹೋದ ತಿಂಗಳಿಂದ ನಡಿಗೆಯವರು ಬರ್ತಿದ್ದಾರೆ. ಗುಳ ಹೊಡೆಯೋದು ಅಂದರೆ ಅವರಿಗೆ ಎಲ್ಲಿಲ್ಲದ ಸಡಗರ. ಮಂಜು ಬಂದರೆ ಸುತ್ತಿಗೆಗೆ ಕ್ಯೂ. ನಿನ್ನ ಕಲ್ಲು ತೆಗೆದಿದ್ದೀನಿ, ಆದರೆ ನಿನ್ನ ಕಾನೂನಿನ ಹಾಗೆ ಕೊನೆಗೆ ಬಂದವರೇ ಬಾಗಿಲು ಹಾಕ್ತಾರೆ.

ನೀನು ಕೇಳಿದ್ದಕ್ಕೆ ಬರ್ತೀನಿ. ಬರೀಬಾರದು ಅಂದುಕೊಂಡಿದ್ದೆ.

ಹದಿನೈದು ದಿನದ ಹಿಂದೆ ಮಂಜಿನಲ್ಲಿ ಎರಡು ಗುಂಪು ಒಟ್ಟಿಗೆ ಬಂದವು. ನಾನು ಒಲೆಯ ಮುಂದಿದ್ದೆ. ಬೆನ್ನಿಗೆ ಚಳಿ ಹೊಡೆಯಿತು. "ಯಾರ್ರೀ ಬಾಗಿಲು ತೆಗೆದು ಬಿಟ್ಟಿದ್ದು" ಅಂತ ಒಬ್ಬ ಗೊಣಗಿದ. "ನಿಮ್ಮವರೇ, ಈಗ ಬಂದರಲ್ಲ" ಅಂತ ಇನ್ನೊಂದು ಗುಂಪಿನವಳು ಅಂದಳು. "ನಮ್ಮವರಾ? ನಾವೆಲ್ಲ ಬಂದು ಆಗಲೇ ಚಹಾ ಕುಡಿದಾಯ್ತು. ಅವರು ನಿಮ್ಮ ಜೊತೆ ಅಲ್ವಾ?" ಅಂತ ಅವನು. ಅವರವರ ತಲೆ ಅವರು ಎಣಿಸಿಕೊಂಡರು, ನಕ್ಕರು, ಬಾಗಿಲು ಹಾಕಿದರು. ಕಲ್ಲುಕಟ್ಟೆಯ ಬಾಗಿಲ ಕಡೆ ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಒದ್ದೆಯಾಗಿತ್ತು.

ನಾನು ಚಾವಣಿ ಸೋರ್ತಿದೆ ಅಂದುಕೊಂಡೆ. ಏಣಿ ಹಾಕಿ ನೋಡಿದೆ. ಸೋರೋದಿಲ್ಲ.

ಆಮೇಲೆ ಇನ್ನೂ ಎರಡು ಸಲ ಆಯಿತು. ಮಂಜಿದ್ದಾಗ ಮಾತ್ರ. ಪ್ರತಿ ಸಲವೂ ಬಾಗಿಲು ತೆರೆದಿರುತ್ತೆ, ಕಟ್ಟೆ ಒದ್ದೆ, ಅಲ್ಲಿ ಕೂತವರು ಇನ್ನೊಬ್ಬರ ಜೊತೆಯವರು ಅಂತ ಎಲ್ಲರೂ ಅಂದುಕೊಂಡಿರ್ತಾರೆ. ಮುಖ ಯಾರೂ ಹೇಳೋದಿಲ್ಲ. "ಕಂಬಳಿ ಹೊದ್ದಿದ್ದರು ಅನ್ಸುತ್ತೆ" ಅಂದಳು ಒಬ್ಬಳು.

ಅಜ್ಜಿ, ನಿನ್ನ ಕಥೆ ಕೇಳಿ ನನ್ನ ತಲೆ ಕೆಟ್ಟಿದೆ ಅಂತಲೇ ಇಟ್ಟುಕೋ. ಆದರೆ ತೆರೆದ ಬಾಗಿಲಿಂದ ಮಲಗಿದವರಿಗೆಲ್ಲ ಕೆಮ್ಮು ಬಂದಿದೆ, ಸಂಘಕ್ಕೆ ದೂರು ಹೋಗಿದೆ. ಅದಕ್ಕೆ ಬಾಗಿಲಿಗೊಂದು ಸ್ಪ್ರಿಂಗ್ ಹಾಕ್ತಿದ್ದೀನಿ. ಯಾರೇ ಬರಲಿ, ಯಾರೇ ಹೋಗಲಿ, ತಾನಾಗೇ ಮುಚ್ಚಿಕೊಂಡು ಅಗುಳಿ ಬೀಳೋ ಹಾಗೆ. ಕೋಪ ಮಾಡಿಕೊಳ್ಳಬೇಡ.

ನಿನ್ನವಳು


ಜುಲೈ ೨

ಸ್ಪ್ರಿಂಗ್ ಹಾಕಬೇಡ.

ನಾನು ಕಾಯೋಕೆ ಶುರು ಮಾಡಿ ಅರವತ್ತು ವರ್ಷ ಆಗುತ್ತಾ ಬಂತು. ಕೆಮ್ಮುವವರು ಒಂದು ರಾತ್ರಿ ಕಾಯಲಿ. ಕೆಮ್ಮಿಗೆ ಕಷಾಯ ಇದೆ, ಶುಂಠಿ ಇದೆ, ಮನೆಯಲ್ಲಿ ಕೂರೋ ಬುದ್ಧಿ ಇದೆ.

ಅವರು ಬಾಗಿಲು ತೆರೆದು ಬಿಡ್ತಿದ್ದಾರೆ ಅಂದರೆ ಅವರ ಹಿಂದೆ ಇನ್ನೂ ಯಾರೋ ಹೊರಗಿದ್ದಾರೆ ಅಂತ ಅರ್ಥ. ಅವರು ಹುಡುಕೋಕೆ ಹೋದವರು ಇನ್ನೂ ಸಿಕ್ಕಿಲ್ಲ. ಅದಕ್ಕೇ ಬಂದು, ಸ್ವಲ್ಪ ಕೂತು, ಮತ್ತೆ ಹೋಗ್ತಿದ್ದಾರೆ. ನೀನು ಬಾಗಿಲು ತಾನಾಗೇ ಬೀಳೋ ಹಾಗೆ ಮಾಡಿದರೆ ಆ ಮನೆ ಸುಳ್ಳು ಹೇಳೋಕೆ ಶುರು ಮಾಡುತ್ತೆ. ಅಗುಳಿ ಬಿತ್ತು ಅಂದರೆ ಎಲ್ಲಾ ಬಂದರು ಅಂತ. ಯಾರೂ ಬಂದಿರೋದಿಲ್ಲ.

ಬಡಗಿ ಆಗಿದ್ದೀಯ. ಬಾಗಿಲು ಮರದಿಂದ ಆಗೋದು ಅಂತ ಯಾರು ಹೇಳಿದರು ನಿನಗೆ?

ಅಜ್ಜಿ


ಜುಲೈ ೨೪

ಮೊಂಡಿಗೆ,

ಹೇಸರಗತ್ತೆಯವನು ಎರಡು ಸಲ ಹತ್ತಿ ಇಳಿದನಂತೆ, ಅಂಗಡಿಯವನಿಗೆ ಫೋನ್ ಮಾಡಿ ಕೇಳಿದೆ. ನಿನ್ನಿಂದ ಕಾಗದ ಇಲ್ಲ. ಪೆನ್ನು ಹೇಸರಗತ್ತೆ ತಿಂದುಬಿಡ್ತಾ?

ಕೆಳಮನೆಯ ರಿಟೈರ್ಡು ಮನುಷ್ಯ ಇವತ್ತು ನಿಮ್ಮಮ್ಮನಿಗೆ ದೂರು ಹೇಳಿದ, ನಾನು ಬಾಲ್ಕನಿಯ ಕಂಬಿಗೆ ಸೌಟಿನಿಂದ ಹೊಡೀತಿದ್ದೆನಂತೆ. ಮಂಜೂ ಇಲ್ಲ, ಮಣ್ಣೂ ಇಲ್ಲ. ನನಗೆ ನೆನಪಿಲ್ಲ. ಸೌಟು ಮಾತ್ರ ಸೊಟ್ಟಗಾಗಿದೆ.

ಒಂದು ಸಾಲು ಬರೆ.

ಅಜ್ಜಿ


ಆಗಸ್ಟ್ ೩೦

ಅಜ್ಜಿ,

ನಿನ್ನ ಕಾಗದ ಬರೋ ಹೊತ್ತಿಗೆ ಸ್ಪ್ರಿಂಗ್ ಹಾಕಿ ಆಗಿತ್ತು. ನಿನಗೆ ಏನಂತ ಬರೀಲಿ ಅಂತ ತಿಳೀದೆ ಬರೀಲಿಲ್ಲ.

ಬಾಗಿಲು ಈಗ ಚೆನ್ನಾಗಿ ಮುಚ್ಚುತ್ತೆ. ಹೊರಗಿನಿಂದ ಅಗುಳಿ ಎತ್ತೋಕೆ ಒಂದು ದಾರ ಬಿಟ್ಟಿದ್ದೀನಿ, ಅದನ್ನು ಎಳೆದು ಬಂದವರ ಬೆನ್ನ ಹಿಂದೆಯೇ ತಟ್ ಅಂತ ಅಗುಳಿ ಬೀಳುತ್ತೆ. ಯಾರೂ ಕೆಮ್ಮೋದಿಲ್ಲ. ಕಟ್ಟೆ ಒಣಗಿದೆ. ಸಂಘದವರು ಬಂದು ಬೆನ್ನು ತಟ್ಟಿ ಹೋದರು.

ಒಂದು ಮಾತು ಮಾತ್ರ. ಮಂಜು ಬಂದು ಹೋದ ಬೆಳಿಗ್ಗೆ ಹೊಸ್ತಿಲ ಹೊರಗಡೆ, ಬಾಗಿಲಿಗೆ ಆತುಕೊಂಡ ಹಾಗೆ, ಒಂದು ಒದ್ದೆ ಜಾಗ ಇರುತ್ತೆ. ಉಳಿದ ಅಂಗಳ ಒಣಗಿದ ಮೇಲೂ ಅದು ಒಣಗೋದಿಲ್ಲ. ಬಾಗಿಲ ಹೊರಮೈಯಲ್ಲಿ, ನನ್ನ ಭುಜದ ಎತ್ತರಕ್ಕೆ, ಮರದ ಬಣ್ಣ ಕಪ್ಪಗಾಗ್ತಿದೆ. ಯಾರೋ ಒರಗಿ ನಿಂತು ನಿಂತು ಆದ ಹಾಗೆ. ಮರಗೆಲಸದವಳಾಗಿ ಹೇಳ್ತೀನಿ, ಮಳೆಗೆ ಮರ ಹಾಗೆ ಕಪ್ಪಾಗೋದಿಲ್ಲ.

ನಡಿಗೆಯವರ ಕಾಲ ಮುಗಿಯಲಿ, ಸ್ಪ್ರಿಂಗ್ ಬಿಚ್ಚಿ ಹಾಕ್ತೀನಿ. ಮಾತು ಕೊಡ್ತೀನಿ.

ನಿನ್ನವಳು


ಅಕ್ಟೋಬರ್ ೧೧

ಅಜ್ಜಿ,

ಕೈ ಇನ್ನೂ ಸೆಟೆದುಕೊಂಡಿದೆ, ಅಕ್ಷರ ನಿನ್ನದರ ಹಾಗೇ ಆಗಿದೆ. ಅಪ್ಪ ಅಮ್ಮನಿಗೆ ಇದನ್ನು ಓದಿ ಹೇಳಬೇಡ.

ಮೊನ್ನೆ ಮಧ್ಯಾಹ್ನ ಇಬ್ಬರೇ ಇದ್ದರು. ಒಬ್ಬಳು ನರ್ಸು, ಒಬ್ಬರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಬ್ಯಾಂಕಿನವರು ದಿಬ್ಬದ ಆಚೆ ನೋಡಿ ಬರ್ತೀನಿ ಅಂತ ಹೋದರು. ಮಂಜು ಇಳಿಯಿತು. ನಾನು ನರ್ಸಿಗೆ ಸುತ್ತಿಗೆ ಕೊಟ್ಟು, "ಕೊನೆಗೆ ಬಂದವರು ಬಾಗಿಲು ಹಾಕೋವರೆಗೆ ನಿಲ್ಲಿಸಬೇಡಿ" ಅಂತ ಹೇಳಿ ಅವರನ್ನು ಹುಡುಕೋಕೆ ಹೋದೆ. ಎಂದಿನ ಹಾಗೆ ಹೇಳಿದ್ದು. ಸ್ಪ್ರಿಂಗಿನ ನೆನಪೇ ಬರಲಿಲ್ಲ.

ಬ್ಯಾಂಕಿನವರು ದೊಡ್ಡಿ ಕಡೆಯಿಂದ ಬಳಸಿಕೊಂಡು ಬಂದು ಒಳಗೆ ಹೋದರು. ಅವರ ಬೆನ್ನ ಹಿಂದೆ ಬಾಗಿಲು ತಾನಾಗೇ ಮುಚ್ಚಿತು, ಅಗುಳಿ ಬಿತ್ತು. ಮಂಜಿನಲ್ಲಿ ಯಾರು ಅಂತ ಕಾಣದೆ, ನಾನೇ ಅವರನ್ನು ಕರೆದುಕೊಂಡು ಬಂದು ಬಾಗಿಲು ಹಾಕಿದೆ ಅಂತ ನರ್ಸು ಅಂದುಕೊಂಡಳು. ಗುಳ ನಿಲ್ಲಿಸಿ, ಹಿಂಬಾಗಿಲಿಂದ ಒಳಗೆ ಹೋಗಿ ಒಲೆ ಮುಂದೆ ಕೂತಳು. ನಾನು ಮಲಗೋ ಕೋಣೆಯಲ್ಲಿದ್ದೀನಿ ಅಂತ ಇಬ್ಬರೂ ತಿಳಿದರು. ಅವಳ ತಪ್ಪಿಲ್ಲ. ನಾನು ಹೇಳಿದ್ದನ್ನೇ ಮಾಡಿದಳು.

ನಾನು ದಿಬ್ಬದ ಮೇಲಿದ್ದೆ. ಸದ್ದು ನಿಂತ ಕೂಡಲೇ ನೆಲವೇ ತಿರುಗಿದ ಹಾಗಾಯಿತು. ಮನೆ ಎಡಕ್ಕೋ ಬಲಕ್ಕೋ ತಿಳೀಲಿಲ್ಲ. ಒಂದು ಹೆಜ್ಜೆ ಇಟ್ಟೆ, ಕಾಲ ಕೆಳಗೆ ಸಣ್ಣ ಕಲ್ಲುಗಳು ಜಾರಿ ಹೋದವು, ಅವು ಕೆಳಗೆ ಬಿದ್ದ ಸದ್ದು ಬರಲೇ ಇಲ್ಲ. ಅಲ್ಲೇ ಕೂತುಬಿಟ್ಟೆ. ಕೂಗಿದೆ. "ಗುಳ ನಿಲ್ಲಿಸಬೇಡ್ರೀ, ನಾನಿನ್ನೂ ಹೊರಗಿದ್ದೀನಿ" ಅಂತ. ಅದನ್ನೇ ಎಷ್ಟು ಸಲ ಕೂಗಿದೆನೋ. ಗಂಟಲು ಹರಿದುಹೋಯಿತು. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು.

ಒದ್ದೆ ಕುರಿಯ ವಾಸನೆ ಬಂತು. ಆಮೇಲೆ ಯಾರೋ ನನ್ನ ತೋಳಿನ ತುದಿ ಹಿಡಿದರು. ಕೈ ಅಲ್ಲ ಅಜ್ಜಿ, ಅಂಗಿಯ ತೋಳಿನ ತುದಿಯನ್ನು, ಎರಡೇ ಬೆರಳಲ್ಲಿ. ಎದ್ದೆ. ಕಂಬಳಿಯ ಬೆನ್ನು ಮಾತ್ರ ಕಾಣ್ತಿತ್ತು. ನಡೆದೆವು. ನನಗೆ ಹೆದರಿಕೆ ಆಗಲಿಲ್ಲ, ಅದು ಈಗ ಆಗ್ತಿದೆ. ಸ್ವಲ್ಪ ದೂರ ಹೋದ ಮೇಲೆ ಅವರು ತಿರುಗದೆಯೇ ಒಂದು ಮಾತು ಕೇಳಿದರು.

"ಮಗು ಮಲಗ್ತಾ?"

ಯಾವ ಮಗು ಅಂತ ಹೇಳಲಿ?

ಬಾಗಿಲು ಬಂತು. ಅವರು ದಾರ ಮುಟ್ಟದೆಯೇ ಎಳೆದರು. ಅಗುಳಿ ಒಳಗಿನಿಂದ ಬಿದ್ದಿತ್ತು, ಆದರೂ ಬಾಗಿಲು ಬಂತು. ಸ್ಪ್ರಿಂಗಿನ ಮೊಳೆಗಳು ಮರದಿಂದ ಕಿತ್ತುಕೊಂಡು ಬಂದವು. ನಾನೇ ತಿರುಗಿಸಿ ಕೂರಿಸಿದ ಮೊಳೆಗಳು, ಮೂರು ಜನ ಎಳೆದರೂ ಬರಬಾರದು. ನನ್ನನ್ನು ಮುಂದೆ ಬಿಟ್ಟರು. ಒಳಗೆ ಹೋಗಿ ತಿರುಗಿ ನೋಡಿದರೆ ಬಾಗಿಲು ಗೋಡೆವರೆಗೂ ತೆರೆದಿತ್ತು. ಯಾರೂ ಇಲ್ಲ. ಕಟ್ಟೆ ಒದ್ದೆ.

ಬೆಳಿಗ್ಗೆ ನೆಲ ನೋಡಿದೆ. ನೀರಿನ ಹೆಜ್ಜೆಗಳು ಹೊಸ್ತಿಲು ದಾಟಿ ಒಳಗೆ ಬಂದಿದ್ದವು. ಮೊದಲಿನ ಸಲಗಳಲ್ಲಿ ಹೊರಗೆ ಹೋದ ಗುರುತೂ ಇರ್ತಿತ್ತು. ಈ ಸಲ ಇಲ್ಲ.

ಬಾಗಿಲು ಹಾಗೇ ತೆರೆದಿಟ್ಟಿದ್ದೀನಿ. ನಿನ್ನ ಕಲ್ಲು ಮತ್ತೆ ಒತ್ತಿಟ್ಟಿದ್ದೀನಿ. ಈಗ ನಾನೇನು ಮಾಡಲಿ?

ನಿನ್ನವಳು


ಅಕ್ಟೋಬರ್ ೧೯

ನನ್ನ ಬಂಗಾರಕ್ಕೆ,

ಮಲಗಿದೆ ಅಂತ ಹೇಳಬೇಕಿತ್ತು ಕಣೇ. ಈಗಲೂ ಮಲಗಿದೆ, ಸೋಫಾದ ಮೇಲೆ, ಬಾಯಿ ತೆರೆದುಕೊಂಡು, ಹೊಟ್ಟೆ ಮೇಲೆ ಪೇಪರ್ ಹಾಕಿಕೊಂಡು. ಜ್ವರ ಇಳಿದಿದೆ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲನೇ ಸಲ ನೀನು ಬದುಕಿದ್ದೀಯ ಅಂತ ತಿಳಿಯೋಕೆ. ಎರಡನೇ ಸಲ ಆ ಎರಡು ಬೆರಳಿಗೋಸ್ಕರ. ನಿಮ್ಮಜ್ಜನಿಗೆ ಕೈ ಹಿಡಿಯೋಕೆ ನಾಚಿಕೆ. ಮದುವೆಯಾಗಿ ಮಗು ಆದ ಮೇಲೂ ಜನ ನೋಡ್ತಾರೆ ಅಂತ ನನ್ನ ತೋಳಿನ ತುದಿ ಹಿಡಿದೇ ನಡೆಸಿಕೊಂಡು ಹೋಗ್ತಿದ್ದರು. ಆ ಗುಡ್ಡದ ಮೇಲೆ ನೋಡೋಕೆ ಕುರಿ ಬಿಟ್ಟರೆ ಇನ್ಯಾರು?

ಮೂರನೇ ಸಲ ಓದಿದ್ದು ನೀನು ಕೂಗಿದ ಮಾತಿಗೋಸ್ಕರ. ಅದನ್ನು ಈಗ ಹೇಳ್ತೀನಿ. ಇದುವರೆಗೆ ಯಾರಿಗೂ ಹೇಳಿಲ್ಲ. ಹೇಳಿದ್ದರೆ ಗಂಡ ಹೋದವಳು ಅನ್ನೋದರ ಜೊತೆಗೆ ತಲೆ ಹೋದವಳು ಅಂತಲೂ ಅನ್ನಿಸಿಕೊಳ್ಳಬೇಕಿತ್ತು.

ಆವತ್ತು ಮರಿಯನ್ನು ನನ್ನ ಮಡಿಲಿಗೆ ಹಾಕುವಾಗ ಅವರು ನನ್ನ ಮುಖ ನೋಡಿ ಬೆಚ್ಚಿದರು. "ನೀನು ಒಳಗಿದ್ದೀಯಾ? ದಿಬ್ಬದ ಮೇಲೆ ನಿನ್ನ ದನಿ ಕೇಳಿಸ್ತಲ್ಲ" ಅಂದರು. "ನನ್ನ ದನಿ ನನ್ನ ಹತ್ತಿರವೇ ಇದೆ, ಬೇಕಾದರೆ ಬೈದು ತೋರಿಸಲಾ" ಅಂದೆ. ನಕ್ಕರು. ಬಾಗಿಲಿಗೆ ಕೈ ಇಟ್ಟರು. ಆಗ ಮತ್ತೆ ಕೂಗು ಬಂತು. ನನಗೂ ಕೇಳಿಸಿತು. ನನ್ನದೇ ದನಿ, ಹೊರಗಿನಿಂದ. "ಗುಳ ನಿಲ್ಲಿಸಬೇಡ್ರೀ, ನಾನಿನ್ನೂ ಹೊರಗಿದ್ದೀನಿ." ಅತ್ತೆ ಗುಳ ಹೊಡೀತಾನೇ ಇದ್ದರು, ಒಂದು ಪೆಟ್ಟೂ ತಪ್ಪಿರಲಿಲ್ಲ. ನಿಲ್ಲಿಸದ ಗುಳವನ್ನು ನಿಲ್ಲಿಸಬೇಡಿ ಅಂತ ಯಾರು ಯಾಕೆ ಕೂಗ್ತಾರೆ ಅಂತ ಇಷ್ಟು ವರ್ಷ ತಲೆ ಕೆಡಿಸಿಕೊಂಡೆ.

ಅವರು ನನ್ನ ಕಡೆ ಒಂದು ಸಲ ನೋಡಿದರು, ಮಂಜಿನ ಕಡೆ ಒಂದು ಸಲ. "ಮಗು ಮಲಗಿಸು" ಅಂದರು. ಹೋದರು.

ಅವರು ಹೋಗಿದ್ದು ನಿನ್ನ ಕೂಗಿಗೆ. ನೀನು ಹುಟ್ಟೋ ಮೊದಲೇ ಓಗೊಟ್ಟುಬಿಟ್ಟರು. ಅವಸರದ ಮನುಷ್ಯ ಅಂತ ನಾನು ಯಾವಾಗಲೂ ಹೇಳ್ತಿದ್ದೆ, ಯಾರು ಕೇಳಿದರು?

ನೀನು ಸಿಕ್ಕಿದೆ ಅವರಿಗೆ. ಒಳಗೆ ಕರೆದುಕೊಂಡೂ ಬಂದರು. ಈ ಸಲ ಹೊರಗೆ ಹೋಗಲಿಲ್ಲ ಅಂತ ನೀನೇ ಬರೆದಿದ್ದೀಯ. ಅವರು ಬಂದಾಯಿತು. ನೀನೂ ಬಂದಾಯಿತು. ಆದರೂ ಬಾಗಿಲು ಹಾಕಲಿಲ್ಲ ನೋಡು. ಇಷ್ಟು ವರ್ಷ ಅವರು ಹೊರಗಿದ್ದಾರೆ, ನಾನು ಕಾಯ್ತಿದ್ದೀನಿ ಅಂತ ತಿಳಿದಿದ್ದೆ. ಆ ಮನೆಯಿಂದ ಇಳಿದು ಹೋಗಿ ವಾಪಸ್ಸು ಬಾರದವಳು ಯಾರು ಅಂತ ನನಗೆ ಹೊಳೆಯಲೇ ಇಲ್ಲ.

ನಿಮ್ಮಪ್ಪ ಬೇಡ ಅಂತಾನೆ. ಮೊಣಕಾಲು ಅಂತಾನೆ, ಡಾಕ್ಟರು ಅಂತಾನೆ. ನಿನ್ನ ಅಪ್ಪ ಕೂತು ಕಾಯ್ತಿದ್ದಾನೆ ಕಣೋ ಅಂತ ಹೇಳೋದು ಹೇಗೆ? ಗುಡ್ಡದ ಗಾಳಿ ಒಳ್ಳೇದಂತೆ ಅಂದೆ.

ಹೇಸರಗತ್ತೆ ನನ್ನ ತೂಕ ಹೊರುತ್ತಾ ಕೇಳಿ ಬರೆ. ಆಲೂಗಡ್ಡೆಯ ಹಾಗೆ ಎರಡು ಕಡೆ ಕಟ್ಟೋಕೆ ಆಗೋದಿಲ್ಲ, ನಾನು ಒಬ್ಬಳೇ ಇರೋದು ಅಂತ ಹೇಳು.

ಬಾಗಿಲು ಮುಟ್ಟಬೇಡ. ಬರ್ತಿದ್ದೀನಿ.

ಅಜ್ಜಿ


ನವೆಂಬರ್ ೨೮

ಮೊಂಡಿಗೆ,

ನೀನು ಪೇಟೆಗೆ ಇಳಿದ ಮೇಲೆ ಇಲ್ಲಿ ಮಂಜೇ ಇಲ್ಲ. ಬಿಸಿಲು ಗಾಜಿನ ಹಾಗಿದೆ, ದಿಬ್ಬದ ಮೇಲಿನ ಒಂದೊಂದು ಹುಲ್ಲೂ ಕಾಣುತ್ತೆ. ಹಲಗೆ, ಮೊಳೆ ತೆಗೆದುಕೊಂಡು ನಿಧಾನಕ್ಕೆ ಬಾ. ನಿಮ್ಮಮ್ಮನ ಅಡುಗೆ ತಿನ್ನು. ನಾನು ಬಚ್ಚಲಿಂದ ಕೂಗಿದ ಹಾಗೆ ಒಂದು ಸಲ ಕೂಗು, ಅವಳಿಗೂ ಬೇಜಾರಾಗಿರುತ್ತೆ.

ನಾನು ಇಲ್ಲಿಗೆ ಬಂದ ದಿನ ಅಗುಳಿಯನ್ನು ಅಜ್ಜಿಯೇ ಇಳಿಸಿದಳು ಅಂತ ಮನೇಲಿ ಹೇಳಿದೆಯಂತೆ. ಇನ್ಯಾರು ಇಳಿಸಬೇಕಿತ್ತು? ಹೇಸರಗತ್ತೆಯವನನ್ನೂ ನಿನ್ನನ್ನೂ ಮೊದಲು ಒಳಗೆ ಕಳಿಸಿದ್ದು ಯಾಕೆ ಅಂತ ಅವನು ಕೇಳಿದನಲ್ಲ, ಮುದುಕಿಗೆ ಮರ್ಯಾದೆ ಕೊಡೋದು ಗೊತ್ತಿಲ್ಲದವನು ಅಂತ ಜನ ಅಂದಾರು ಅನ್ನೋ ಹೆದರಿಕೆ ಇರಬೇಕು ಅವನಿಗೆ. "ನಾನೇ ಕೊನೆಯವಳು" ಅಂತ ಕಟ್ಟೆಗೆ ಕೇಳೋ ಹಾಗೆ ಹೇಳಿದೆ. ಕೇಳಿಸಿತೋ ಇಲ್ಲವೋ ಅಂತ ಎರಡನೇ ಸಲವೂ ಹೇಳಿದೆ. ಮೊದಲನೇ ಸಲ ಹೇಳಿದ್ದೇ ನಿಮ್ಮಜ್ಜನಿಗೆ ಕೇಳಿಸಿತ್ತು ಅಂತ ಆಮೇಲೆ ತಿಳಿಯಿತು.

ಬಾಗಿಲು ಈಗ ಚೆನ್ನಾಗಿದೆ. ಹಾಕಿದರೆ ಹಾಕಿದ ಹಾಗಿರುತ್ತೆ, ತೆಗೆದರೆ ತೆಗೆದ ಹಾಗೆ. ಕಟ್ಟೆಯ ಬಾಗಿಲ ಕಡೆ ತುದಿ ಒಣಗಿದೆ, ಕೈಯಿಟ್ಟು ನೋಡಿದೆ. ಅಲ್ಲಿ ಈಗ ಯಾರೂ ಕೂರೋದಿಲ್ಲ. ಒಲೆ ಹತ್ತಿರ ಬೆಚ್ಚಗಿದೆ, ಅಲ್ಲಿಗೆ ಬಂದದ್ದಾಯಿತು.

ಮೊನ್ನೆ ಬಂದಿದ್ದ ಗುಂಪಿನಲ್ಲೊಬ್ಬಳು, "ಅಜ್ಜಿ, ನಿಮಗೆ ನೀವೇ ಮಾತಾಡಿಕೊಳ್ತೀರಲ್ಲ, ಒಂಟಿ ಅನ್ನಿಸುತ್ತಾ?" ಅಂತ ಕೇಳಿದಳು. ಅರವತ್ತು ವರ್ಷದ ಬೈಗುಳ ಬಾಕಿ ಇದೆ ತಾಯಿ, ಒಂಟಿ ಅನ್ನಿಸೋಕೆ ಪುರುಸೊತ್ತೆಲ್ಲಿ ಅಂದೆ. ನಕ್ಕಳು. ನನ್ನ ಪಕ್ಕ ಕೂರೋಕೆ ಬಂದವಳು ಮಾತ್ರ ಯಾಕೋ ನಿಂತು ನೋಡಿ, ಎದುರುಗಡೆ ಹೋಗಿ ಕೂತಳು.

ಬರುವಾಗ ನನಗೊಂದು ಶಾಲು ತಾ. ಈಗಿರೋದನ್ನು ದಿನಾ ಬಿಸಿಲಿಗೆ ಹಾಕ್ತೀನಿ, ಎಡಗಡೆ ಮಗ್ಗುಲು ಒಣಗೋದೇ ಇಲ್ಲ. ಸ್ವಲ್ಪ ಅಗಲವಾದದ್ದೇ ನೋಡಿ ತಾ.

ನಿನ್ನ ಅಜ್ಜಿ